ಶಿವಲೀಲಾಳ ಸೊನ್ನೆ

ಗೆಳೆಯರೇ, ಇವತ್ತು ಬೈಸಿಕೊಂಡೆ. ಪಾಠಕ್ಕೆ ಮೊದಲೊಂದು ಪರೀಕ್ಷೆ, ಪಾಠ ಮುಗಿದ ಮೇಲೆ ಅದೇ ಪ್ರಶ್ನೆಗಳ ಇನ್ನೊಂದು ಪರೀಕ್ಷೆ ಮಾಡಿ ಮಕ್ಕಳು ಎಷ್ಟು ಕಲಿತರೆಂದು ನಾವು ಅಳೆಯಬೇಕು. ಧುಪದಾಳ ಹತ್ತಿರದ ನಮ್ಮ ಶಾಲೆಗೆ ತಪಾಸಣೆಗೆ ಬಂದ ಸಾಹೇಬರು ನನ್ನ ಐದನೇ ತರಗತಿಯ ಪಟ್ಟಿಯಲ್ಲಿ ಒಂದು ಹೆಸರಿನ ಮೇಲೆ ಬೆರಳಿಟ್ಟರು. ಶಿವಲೀಲಾ: ಮೊದಲು ನಾಲ್ಕು, ಆಮೇಲೆ ಸೊನ್ನೆ.

“ಏನ್ರಿ ಟೀಚರ್, ನೀವು ಕಲಿಸಿದ ಮ್ಯಾಲ ಬರೋದೂ ಮರ್ತಾಳಲ್ಲ ಈ ಹುಡುಗಿ!”

ಅವರು ಹೋದ ಮೇಲೆ ಶಿವಲೀಲಾಳನ್ನು ಕರೆದೆ. “ಒಂದೂ ಬರ್ಲಿಲ್ಲೇನ ನಿನಗ?”

“ಎಲ್ಲಾ ಬರ್ತಿತ್ರಿ. ಸೊನ್ನಿ ಬಿದ್ದೋರಿಗೆ ಪಾಠ ಮತ್ತ ಹೇಳ್ತೀರಲ್ರಿ, ಅದಕ್ಕ ಖಾಲಿ ಬಿಟ್ಟೆ.”

ಅದು ಘಟಪ್ರಭಾ ನದಿಯ ಪಾಠ. ನಮ್ಮ ಹೊಳೆ ಗೋಕಾಕ ದಾಟಿ ಮುಧೋಳಕ್ಕೆ ಹೋಗುವುದನ್ನು ನಕ್ಷೆಯ ಮೇಲೆ ಬೆರಳಾಡಿಸುತ್ತ ಹೇಳಿದ್ದೆ.

“ಮುಧೋಳಕ್ಕ ನಮ್ಮಕ್ಕನ್ನ ಕೊಟ್ಟಾರ್ರಿ. ಲಗ್ನ ಆದಾಗಿಂದ ಒಮ್ಮಿನೂ ಬಂದಿಲ್ರಿ. ನೀವು ಹೇಳುಮುಂದ ನಾನೂ ಅಲ್ಲಿಗೆ ಹೋದಂಗ ಆಕ್ಕೇತ್ರಿ.”

ಮಧ್ಯಾಹ್ನ ಅವಳೊಬ್ಬಳಿಗೇ ಆ ಪಾಠವನ್ನು ಇನ್ನೊಮ್ಮೆ ಮಾಡಿದೆ. ಈ ಸಲ ನಕ್ಷೆಯ ಮೇಲಿದ್ದ ಬೆರಳು ಅವಳದು. ಅದು ಮುಧೋಳದಿಂದ ಮುಂದಕ್ಕೆ ಸರಿಯಲೇ ಇಲ್ಲ.

ಅಂಕ ಇಳಿದದ್ದಕ್ಕೆ ಕಾರಣ ಬರೆಯಲು ಸಾಹೇಬರು ಕೊಟ್ಟುಹೋದ ನಮೂನೆಯಲ್ಲಿ ಇರುವುದು ಒಂದೇ ಸಾಲಿನ ಜಾಗ. ‘ಹೊಳೆ ಮುಧೋಳದಲ್ಲೇ ನಿಂತಿದೆ’ ಎಂದು ಬರೆದಿದ್ದೇನೆ. ಸಾಹೇಬರಿಗೂ ಒಬ್ಬ ಅಕ್ಕ ಇದ್ದರೆ ಅರ್ಥವಾದೀತು.