ಸವೆದ ರಟ್ಟು

ಸಿಂಧನೂರಿನ ನಮ್ಮ ಚರ್ಚಿನವರ ಹರಿದ ಬೈಬಲ್‌ಗಳಿಗೆಲ್ಲ ಹೊಲಿಗೆ ಹಾಕುತ್ತಿದ್ದವರು ಒಬ್ಬ ಬೈಂಡರ್. ಯಾರು ಎಷ್ಟು ಓದುತ್ತಾರೆಂದು ಅವರಿಗೆ ಗೊತ್ತಿತ್ತು. ಬೆರಳಿಗಂಟಿದ ಗೋಂದು ಕೆರೆಯುತ್ತ, "ಹಾಳಿ ಹೇಳ್ತಾವ ಬಿಡ್ರೀ," ಎನ್ನುತ್ತಿದ್ದರು.

ತೊಂಬತ್ತರ ಇಸವಿಯ ಸುಮಾರಿಗೆ ಹೊರಗಿನ ಬೋಧಕನೊಬ್ಬ ಬಂದು, ಬೈಬಲ್ ಎತ್ತಿ ಎತ್ತಿ, "ನಂಬಿಕೆಯಿದ್ದವರು ಗುಳಿಗೆ ಬಿಡಿರಿ!" ಎಂದು ಗುಡುಗಿದ. ಅವ್ವ ಶುಗರ್ ಗುಳಿಗೆ ಬಿಟ್ಟೇಬಿಟ್ಟಳು. ನಾನು ಬೈದರೂ ಕೇಳಲಿಲ್ಲ.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಬೈಂಡರ್ ಆ ಬೋಧಕನ ಬೈಬಲ್ ಇಸಿದುಕೊಂಡು, ಅಂಚಿಗೆ ಹೆಬ್ಬೆರಳಾಡಿಸಿದರು. ಅಂಚಿನಲ್ಲಿ ಬಂಗಾರದ ಬಣ್ಣ ಬಳಿದ ಹಾಳೆಗಳು ಹೊಸ ಪುಸ್ತಕದಲ್ಲಿರುವಂತೆ ಒಂದಕ್ಕೊಂದು ಅಂಟಿಕೊಂಡೇ ಇದ್ದವು.

"ಪಾಸ್ಟರ್ರ, ಎತ್ತಿ ಎತ್ತಿ ರಟ್ಟು ಸವದೈತ್ರೀ. ಹಾಳಿ ಮಾತ್ರ ಇನ್ನೂ ಬಿಚ್ಚಿಲ್ಲಲ್ರೀ!"

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಸೆರಗಿನ ಗಂಟಿನಿಂದ ಗುಳಿಗೆ ತೆಗೆದು, "ನೀರು ತಗೊಂಡ್ ಬಾರೋ," ಎಂದಳು.