ನಾನು ಊರಲ್ಲಿ ಇರಲಿಲ್ಲ

ಟೆಲಿಫೋನಿನ ಕಾಟ ತಪ್ಪಿಸಿಕೊಳ್ಳಲು ನಾನೊಂದು ಉಪಾಯ ಕಂಡುಕೊಂಡಿದ್ದೇನೆ ಎಂದು ಹಿಂದೊಮ್ಮೆ ಇದೇ ಅಂಕಣದಲ್ಲಿ ಕೊಚ್ಚಿಕೊಂಡಿದ್ದೆ, ನೆನಪಿದೆಯೆ? ಏನದು, ನಮಗೂ ಹೇಳಿ ಎಂದು ನಿಮ್ಮಲ್ಲಿ ಹಲವರು ಕಾರ್ಡು ಬರೆದಿರಿ. ಬಸವನ ಬಾಗೇವಾಡಿಯ ಡಾಕ್ಟರೊಬ್ಬರು ಎರಡೆರಡು ಸಲ ಬರೆದರು. (ಪಾಪ, ಅವರಿಗೆ ಕಾಟ ಜಾಸ್ತಿಯೇ ಇರಬೇಕು.) ಇವತ್ತು ಹೇಳುತ್ತೇನೆ. ಪೂರ್ತಿ ಓದಿ, ಆಮೇಲೆ ಬೇಕಾದರೆ ಮಾಡಿ ನೋಡಿ.

ನಮ್ಮ ಇಂಡಿ ಊರಿನಲ್ಲಿ ಫೋನು ಇರುವ ಮನೆಗಳು ಬೆರಳೆಣಿಕೆಯಷ್ಟು. ಅರ್ಜಿ ಹಾಕಿ ವರ್ಷಗಟ್ಟಲೆ ಕಾದು ನಾನೂ ಒಂದು ತರಿಸಿಕೊಂಡೆ. ವಕೀಲಿ ಕೆಲಸಕ್ಕೆ ಎಂದು ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಅದು ಬಂದದ್ದು ಅಕ್ಕನ ಸಲುವಾಗಿ. ಗಂಡ ಸತ್ತ ಮೇಲೆ ಅವಳು ಚಡಚಣದಲ್ಲಿ ಒಬ್ಬಳೇ ಇದ್ದಳು. ಕಾಲಿನಿಂದ ತುಳಿಯುವ ಮಷೀನಿನ ಮೇಲೆ ಕುಬಸ ಹೊಲಿದು ಬದುಕು ಮಾಡಿಕೊಂಡಿದ್ದಳು. ಜೊತೆಗೆ ಸಕ್ಕರೆ ಕಾಯಿಲೆ. "ಏನರೆ ಆದ್ರ ನನಗೊಂದು ಟ್ರಂಕ್ ಕಾಲ್ ಹಚ್ಚಕ್ಕಾ, ಇದ್ದಂಗ ಬರ್ತೇನಿ" ಎಂದು ಹೇಳಿ ಬಂದಿದ್ದೆ.

ಫೋನು ಬಂದು ತಿಂಗಳಾಗಿರಲಿಲ್ಲ. ಹೊಲಿಗೆ ಮಷೀನ್ ಮಾರುವ ಏಜೆಂಟನೊಬ್ಬ ಬಜಾರಿನಲ್ಲಿ ಅಂಗಡಿ ತೆರೆದ. ಫೋನ್ ಇದ್ದವರು ಮಷೀನು ಕೊಳ್ಳದೆ ಇರುತ್ತಾರೆಯೆ ಎಂಬುದು ಅವನ ತರ್ಕ. ಕೋರ್ಟಿಗೆ ಬೇಸಿಗೆ ರಜೆ ಬೇರೆ. ಊಟ ಮುಗಿಸಿ ನಾನು ಅಡ್ಡಾಗುವ ಹೊತ್ತಿಗೆ ಸರಿಯಾಗಿ ಫೋನು ಗಂಟೆ ಬಾರಿಸುತ್ತಿತ್ತು.

"ನಮಸ್ಕಾರ್ರಿ ವಕೀಲ್ರ. ಮಷೀನಿನ ವಿಚಾರ ಏನ್ ಮಾಡಿದ್ರಿ?"

"ಬ್ಯಾಡ ಅಂತ ನಿನ್ನೇನ ಹೇಳೇನಲ್ರಿ."

"ಇರ್ಲಿ ಬಿಡ್ರಿ. ನಾಳೆ ಮತ್ತ ಕೇಳ್ತೇನಿ."

ಫೋನ್ ಇಟ್ಟುಬಿಡಬೇಕಿತ್ತು ಎನ್ನುತ್ತೀರಾ? ನನ್ನ ಹೆಂಡತಿ ಬಿಡಬೇಕಲ್ಲ! "ಮಂದಿ ಮಾತಾಡಾಕತ್ತಾಗ ಫೋನ್ ಇಟ್ರ, ಮನಿಗೆ ಬಂದವ್ರ ಮಾರಿ ಮ್ಯಾಲ ಬಾಗಲಾ ಹಾಕಿದಂಗ ಆಗ್ತೈತಿ" ಎಂಬುದು ಅವಳ ಕಾಯಿದೆ. ನಾನಿಲ್ಲದಾಗ ಫೋನ್ ಎತ್ತಿ, ಅವನ ಮಕ್ಕಳ ಹೆಸರನ್ನೂ ಕೇಳಿ ತಿಳಿದುಕೊಂಡಿದ್ದಳು.

ಕೊನೆಗೆ ಎಕ್ಸ್‌ಚೇಂಜಿಗೆ ಹೋದೆ. ನಮ್ಮೂರಲ್ಲಿ ಯಾವ ಕಾಲ್ ಆದರೂ ಆಪರೇಟರ್ ತನ್ನ ಕೈಯಿಂದ ಜೋಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಪರೇಟರ್ ಮಲ್ಲಪ್ಪ ನಮ್ಮ ಓಣಿಯವನೇ. ಏಜೆಂಟನ ಅಂಗಡಿಯಿಂದ ಬಂದ ಕಾಲ್ ಕೊಡಬೇಡ ಎಂದೆ. ಏಜೆಂಟ್ ಪಕ್ಕದ ಕಾಳಿನ ಅಡತಿ ಅಂಗಡಿಯಿಂದ ಮಾಡಿದ. ಅದನ್ನೂ ತಡೆದರೆ ಲಾಡ್ಜಿನಿಂದ ಮಾಡಿದ. ನನಗೆ ಸಿಟ್ಟು ನೆತ್ತಿಗೇರಿತು.

"ಮಲ್ಲಪ್ಪ, ಮಧ್ಯಾಹ್ನ ಒಂದರಿಂದ ನಾಕರ ತನಕಾ ಯಾರ ಕೇಳಿದ್ರೂ ನಾ ಊರಾಗಿಲ್ಲ ಅಂತ ಹೇಳಿಬಿಡಪಾ."

"ಪರವೂರಿನ ಟ್ರಂಕ್ ಬಂದ್ರ ಏನ್ ಮಾಡ್ಲಿರಿ?"

"ಟ್ರಂಕ್ ಬಂದ್ರ ಕೊಡು. ಅಷ್ಟೂ ತಿಳಿಯಾಂಗಿಲ್ಲೇನ್ ನಿನಗ?"

ಅವನಿಗೆ ತಿಳಿಯುತ್ತಿತ್ತು. ಆದರೆ ಮರುವಾರ ಅವನು ತಂಗಿಯ ಮದುವೆಗೆಂದು ರಜೆ ಹಾಕಿದ. ಹೋಗುವಾಗ ಎಕ್ಸ್‌ಚೇಂಜಿನ ಬೋರ್ಡಿಗೆ ಒಂದು ಚೀಟಿ ಅಂಟಿಸಿದ: 'ಒಂದರಿಂದ ನಾಲ್ಕು, ವಕೀಲರು ಊರಲ್ಲಿಲ್ಲ.' ಟ್ರಂಕಿನ ಮಾತು ಅವನ ತಲೆಯಲ್ಲೇ ಉಳಿಯಿತು. ಬದಲಿಗೆ ಬಂದವನು ಮುದ್ದೇಬಿಹಾಳದ ಹೊಸಬ. ಚೀಟಿಯಲ್ಲಿ ಇದ್ದದ್ದನ್ನು ಅಕ್ಷರ ಬಿಡದೆ ಪಾಲಿಸಿದ. ಅವನನ್ನು ಹೇಗೆ ಬೈಯಲಿ? ಕಾಗದದಲ್ಲಿ ಇದ್ದದ್ದೇ ಸತ್ಯ ಎಂದು ಕೋರ್ಟಿನಲ್ಲಿ ಗಂಟಲು ಹರಿದುಕೊಳ್ಳುವವನು ನಾನೇ.

ಅವತ್ತು ಮಧ್ಯಾಹ್ನ ಫೋನು ಒಮ್ಮೆಯೂ ಗಂಟೆ ಬಾರಿಸಲಿಲ್ಲ. ಎಂಥ ನೆಮ್ಮದಿ! ಫ್ಯಾನಿನ ಕೆಳಗೆ ಮಲಗಿ ಗಡದ್ದಾಗಿ ನಿದ್ದೆ ಮಾಡಿದೆ. ಎದ್ದು ಚಹಾ ಕುಡಿದು, ಅದೇ ಖುಷಿಯಲ್ಲಿ ಉಪಾಯದ ಆ ಅಂಕಣ ಬರೆದೆ.

ಮೂರು ದಿನ ಬಿಟ್ಟು ಚಡಚಣದ ನೆರೆಮನೆಯಾಕೆ ಬರೆಸಿದ ಕಾರ್ಡು ಬಂತು. ಕಾಲ್ಬೆರಳಿನ ಗಾಯ ಕೊಳೆತು ಅಕ್ಕನನ್ನು ಸೊಲ್ಲಾಪುರದ ಆಸ್ಪತ್ರೆಗೆ ಸೇರಿಸಿದ್ದರು. ಮೊಣಕಾಲಿನವರೆಗೆ ತೆಗೆಯಬೇಕು, ಮನೆಯವರು ಯಾರಿದ್ದಾರೆ ಎಂದು ಡಾಕ್ಟರು ಕೇಳಿದರಂತೆ. "ನನ್ನ ತಮ್ಮ ಅದಾನ್ರಿ. ಅವನ್ನ ಒಂದ್ ಮಾತ್ ಕೇಳಿ ಹೇಳ್ತೇನಿ" ಎಂದಳಂತೆ ಇವಳು. ನಾನು ಮಲಗಿದ್ದ ಆ ಮಧ್ಯಾಹ್ನವೇ ಟ್ರಂಕ್ ಬುಕ್ ಮಾಡಿಸಿ, ಕೊಳೆತ ಕಾಲನ್ನು ಬೆಂಚಿನ ಮೇಲೆ ಚಾಚಿಕೊಂಡು ಎರಡು ತಾಸು ಕಾದಳಂತೆ. ಕೊನೆಗೆ ಬಂದ ಉತ್ತರ: ವಕೀಲರು ಊರಲ್ಲಿಲ್ಲ. ಆಪರೇಷನ್ನಿನ ಒಪ್ಪಿಗೆ ಕಾಗದದ ಮೇಲೆ ತಾನೇ ಹೆಬ್ಬೆಟ್ಟು ಒತ್ತಿ ಒಳಗೆ ಹೋದಳು.

ನಾನು ಫೋನ್ ಎತ್ತಿದ್ದರೆ ಕಾಲು ಉಳಿಯುತ್ತಿತ್ತೆ? ಇಲ್ಲ, ಡಾಕ್ಟರನ್ನು ಕೇಳಿದ್ದೇನೆ. ಆದರೆ ಹೆಬ್ಬೆಟ್ಟು ಒತ್ತುವಾಗ ಅವಳ ಬೆನ್ನ ಮೇಲೆ ಒಂದು ಕೈ ಇರುತ್ತಿತ್ತು. ಅದಕ್ಕೆಂದೇ ತರಿಸಿದ ಫೋನನ್ನು ನಾನು ನಿದ್ದೆಗಾಗಿ ಮುಚ್ಚಿಸಿದೆ. ಇದನ್ನು ನೆನೆದರೆ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತದೆ.

ಸೊಲ್ಲಾಪುರದಲ್ಲಿ ನನ್ನನ್ನು ನೋಡಿದ ಕೂಡಲೇ ಅವಳು ಕೇಳಿದ್ದು ಒಂದೇ ಮಾತು.

"ಊರಾಗ ಇರ್ಲಿಲ್ಲಂತಲ್ಲೋ. ಯಾವೂರಿಗೆ ಹೋಗಿದ್ದೆಪಾ?"

"ಸಿಂದಗಿಗೆ, ಅಕ್ಕಾ. ಒಂದ್ ಕೇಸ್ ಇತ್ತು."

"ಇರ್ಲಿ ಬಿಡು. ಹೊಟ್ಟಿ ಪಾಡು ನೋಡ್ಬೇಕಲ್ಲ" ಎಂದು ನನಗೇ ಸಮಾಧಾನ ಹೇಳಿದಳು. ಬೇಸಿಗೆಯಲ್ಲಿ ಕೋರ್ಟಿಗೆ ರಜೆ ಇರುತ್ತದೆಂಬುದು ಅವಳಿಗೆ ಗೊತ್ತಿಲ್ಲ.

ಈಗ ಅವಳು ನಮ್ಮ ಮನೆಯಲ್ಲೇ ಇದ್ದಾಳೆ. ಅವಳ ಮಷೀನು ಪಡಸಾಲೆಯಲ್ಲಿ ಬಟ್ಟೆ ಹೊದ್ದು ನಿಂತಿದೆ. ಬೋರ್ಡಿನ ಚೀಟಿಯನ್ನು ನಾನೇ ಹೋಗಿ ಕಿತ್ತು ಬಂದೆ. ಮರುದಿನವೇ ಏಜೆಂಟನ ಕಾಲ್ ಬಂತು. ಹೆಂಡತಿ ಎತ್ತಿದಳು. ಅವನು ಹೇಳುವುದನ್ನೆಲ್ಲ ಎಂದಿನ ಮರ್ಯಾದೆಯಿಂದಲೇ ಕೇಳಿದಳು.

"ನಮ್ಮನ್ಯಾಗ ಒಂದ್ ಮಷೀನ್ ಐತ್ರಿ. ತುಳಿಯೋರಿಲ್ಲ. ನಿಮಗ ಬೇಕೇನ್ರಿ?"

ಆಮೇಲೆ ಅವನು ಒಮ್ಮೆಯೂ ಫೋನ್ ಮಾಡಿಲ್ಲ. ನೀವು ಕಾರ್ಡು ಬರೆದು ಕೇಳಿದ ಉಪಾಯ, ಬೇಕಾದರೆ, ಇದು.

ಅಕ್ಕನಿಗೆ ಓದು ಬಾರದು. ಪ್ರತಿ ರವಿವಾರ ಪೇಪರ್ ಬಂದೊಡನೆ ಹೊರಸಿನ ಮೇಲೆ ಎದ್ದು ಕೂತು, "ಈ ವಾರ ಏನ್ ಬರದೀಯೋ, ಓದು ಕೇಳೂಣು" ಎನ್ನುತ್ತಾಳೆ.

ಇವತ್ತು ನಾನು ಏನು ಓದಲಿ?