ಯವ್ವನ ಕಣ್ಣಿಗಾಗಿ ಹೊಳೆ ದಾಟಿದ್ದು

ಹೊಳೆಗೆ ನೀರು ಬರುವ ಮುಂಚೆ ನನ್ನ ಹೆತ್ತ ಯವ್ವನ ಕಣ್ಣಿನ ಆಪರೇಷನ್ ಮುಗಿಸಲೇಬೇಕೆಂದು ಹಟ ಹಿಡಿದು ನಾವು ಹೊರಟದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಆರಿದ್ರಾ ಮಳೆಯ ಒಂದು ಸೋಮವಾರ. ನಮ್ಮದು ದೇವದುರ್ಗ ತಾಲ್ಲೂಕಿಗೆ ಸೇರಿದ, ಕೃಷ್ಣಾ ಹೊಳೆಯ ನಡುಗಡ್ಡೆ. ಇಪ್ಪತ್ತು ಮನೆ, ಒಂದು ಹರಗೋಲು, ಒಂದು ಶಾಲೆ. ಆ ಶಾಲೆಗೆ ನಾನೊಬ್ಬನೇ ಮಾಸ್ತರ. ಹೊಳೆ ತುಂಬಿತೆಂದರೆ ದಸರೆಯವರೆಗೆ ದಾಟುವ ಮಾತೇ ಇಲ್ಲ. ಯವ್ವನ ಬಲಗಣ್ಣು ಹೋಗಿ ಎರಡು ವರ್ಷವಾಗಿತ್ತು. ಎಡಗಣ್ಣಿನಲ್ಲೂ ಪೊರೆ ಬಲಿತು ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟೇ ತಿಳಿಯುತ್ತಿತ್ತು. ಹಿಂದಿನ ತಿಂಗಳು ರೊಟ್ಟಿ ತಿರುವಲು ಹೋಗಿ ಕಾದ ಹಂಚಿನ ಮೇಲೆ ಅಂಗೈ ಊರಿದ್ದಳು. ರಾಯಚೂರಿಗೆ ತಿಂಗಳಿಗೊಮ್ಮೆ ಬರುವ ಕಣ್ಣಿನ ಡಾಕ್ಟರು, ಮಳೆಗಾಲ ದಾಟಿಸಿದರೆ ಈ ಕಣ್ಣೂ ಕೈಗೆ ಸಿಗಲಿಕ್ಕಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದರು. ಮಂಗಳವಾರ ಅವರು ಬರುವ ದಿನ.

ನಮ್ಮಲ್ಲಿ ಒಂದು ಮನೆಯವರು ಹೊಳೆ ದಾಟಿದರೆ ಉಳಿದ ಹತ್ತೊಂಬತ್ತು ಮನೆಗಳ ಕೆಲಸವೂ ಅವರ ಹೆಗಲಿಗೆ ಬರುತ್ತದೆ. ಇಲ್ಲ ಎನ್ನುವ ಪದ್ಧತಿಯಿಲ್ಲ. ಬಲೆಗೆ ನೈಲಾನ್ ದಾರ, ಲಾಟೀನಿಗೆ ಗಾಜು, ಬ್ಯಾಟರಿಗೆ ಶೆಲ್ಲು, ಒಬ್ಬರಿಗೆ ಹೊಲ ಹರಗುವ ಕುಂಟಿಗೆ ಕಬ್ಬಿಣದ ತಾಳು, ಇನ್ನೊಬ್ಬರಿಗೆ ಬಾಣಂತಿಯ ಔಷಧ. ಒಂದು ಹಾಳೆ ಸಾಲದೆ ಹಿಂಬದಿಗೂ ಬರೆದುಕೊಂಡೆ. ನನ್ನ ಹೆಂಡತಿ ಶಾಂತಮ್ಮ ಅದನ್ನು ನೋಡಿ, "ಇದರಾಗ ಅತ್ತಿ ಕಣ್ಣು ಎಷ್ಟನೇ ನಂಬರ್ ಬರಕೊಂಡೀರಿ?" ಎಂದು ಕೇಳಿದಳು. ನಾನು ಹಾಳೆ ಮಡಚಿ ಜೇಬಿಗಿಟ್ಟುಕೊಂಡೆ.

ಬೆಳಿಗ್ಗೆ ಆರಕ್ಕೆ ದಡಕ್ಕೆ ಬಂದೆವು. ಹರಗೋಲಿನಲ್ಲಿ ಎಂಟು ಮಂದಿ ಹಿಡಿಯುತ್ತಾರೆ. ಅಲ್ಲಿ ಸೇರಿದವರು ಹದಿನಾಲ್ಕು. ನಮ್ಮ ದಡದ ರೀತಿ ಎಂದರೆ ಕೈಗೂಸಿನವರು, ಜಡ್ಡಿನವರು, ಅವಸರದವರು ಮೊದಲು ಹತ್ತುತ್ತಾರೆ, ಉಳಿದವರು ನಿಲ್ಲುತ್ತಾರೆ. ಅಂಬಿಗ ಈರಪ್ಪ ಎಷ್ಟು ಸಲವಾದರೂ ತಿರುಗಿ ಬರುತ್ತಾನೆ. ಕೊನೆಯ ಮನುಷ್ಯ ದಾಟುವ ತನಕ ಅವನು ಹರಗೋಲು ಕಟ್ಟಿದ್ದನ್ನು ಯಾರೂ ಕಂಡಿಲ್ಲ. ಕಣ್ಣು ಕಾಣದ ಯವ್ವನಿಗೇ ಅಂದು ಮೊದಲು ಜಾಗ ಬಿಟ್ಟಿದ್ದರು. ಅವಳು, "ನಂದೇನು ಅವಸರ, ಕೂಸು ಅಳಾಕತ್ತದ, ನೀ ಹತ್ತವ್ವ" ಎಂದು ಯಾರನ್ನೋ ಮುಂದೆ ತಳ್ಳಿ ಹಿಂದೆ ನಿಂತಳು. ಎರಡನೆಯ ಸಾರಿಯಲ್ಲಿ ದಾಟಿ, ಮೂರು ಮೈಲಿ ಕೆಸರಿನಲ್ಲಿ ಅವಳ ಕೈಹಿಡಿದು ನಡೆದು ರಸ್ತೆಗೆ ಬಂದಾಗ ಎಂಟರ ಬಸ್ಸು ಹೋಗಿ ಅರ್ಧ ತಾಸಾಗಿತ್ತು. ಮುಂದಿನದು ಹನ್ನೊಂದಕ್ಕೆ. ಬೇವಿನ ಗಿಡದ ಬುಡದಲ್ಲಿ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಸಿಟ್ಟಿನಲ್ಲಿ ನನಗೆ ರೊಟ್ಟಿಯ ರುಚಿ ಹತ್ತಲಿಲ್ಲ.

ದೇವದುರ್ಗದಲ್ಲಿ ನಮ್ಮ ರೇಷನ್ ಕಾರ್ಡಿನ ಕೆಲಸವಿತ್ತು. ಗುಮಾಸ್ತ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ನಿಮ್ಮ ಗಡ್ಡಿಯೊಳಗ ಅಂಗಡಿನೇ ಇಲ್ಲಲ್ರಿ, ಯಾವ ಅಂಗಡಿಗೆ ಬರೀಲಿ?" ಎಂದ. ಹಳೆಯ ಕಾರ್ಡಿನಲ್ಲಿ ಬರೆದದ್ದನ್ನೇ ಬರೆಯಿರಿ ಎಂದೆ. "ಹಳೇದು ಬರದವರು ಬ್ಯಾರೆ ಸಾಹೇಬ್ರು, ಅವರಿಗೆ ವರ್ಗ ಆಗ್ಯದ" ಎಂದು ಚಹಾಕ್ಕೆ ಎದ್ದುಹೋದ. ಎರಡು ತಾಸು ಕಟ್ಟೆಯ ಮೇಲೆ ಕೂತು ಕಾರ್ಡನ್ನು ಹಾಗೇ ಮಡಚಿಕೊಂಡು ಹೊರಬಿದ್ದೆವು. ದಾರವೊಂದು ಸಿಕ್ಕಿತು, ಗಾಜು ಸಿಗಲಿಲ್ಲ. ತಲಾ ಐದು ರೂಪಾಯಿ ಕೊಟ್ಟು ರಾಯಚೂರಿನ ಬಸ್ಸು ಹತ್ತಿದೆವು. ಗಬ್ಬೂರಿನಲ್ಲಿ ಟೈರು ಬದಲಿಸಲು ಮುಕ್ಕಾಲು ತಾಸು ನಿಂತಿತು. ಅಲ್ಲೇ ಶಾಂತಮ್ಮನ ತವರು. ಇಳಿದು ನೀರಾದರೂ ಕುಡಿದು ಬರುತ್ತೇನೆ ಎಂದವಳನ್ನು ನಾನು ಬಿಡಲಿಲ್ಲ. ಅವಳು ನನ್ನ ಪಕ್ಕದಿಂದ ಎದ್ದು ಯವ್ವನ ಸೀಟಿಗೆ ಹೋಗಿ ಕೂತಳು.

ಮಂಗಳವಾರ ಏಳಕ್ಕೇ ಆಸ್ಪತ್ರೆಯ ಬಾಗಿಲಲ್ಲಿದ್ದೆವು. ಒಂಬತ್ತನೆಯ ನಂಬರಿನ ಚೀಟಿ ಸಿಕ್ಕಿತು. ಆ ಪ್ರವಾಸದಲ್ಲಿ ನನಗೆ ಸಮಾಧಾನವಾದದ್ದು ಅದೊಂದು ಕ್ಷಣ. ಚೀಟಿಯನ್ನು ಯವ್ವನ ಕೈಯಲ್ಲಿಟ್ಟು, ಶಾಂತಮ್ಮನನ್ನು ಪಕ್ಕದಲ್ಲಿ ಕೂರಿಸಿ, ಊರವರ ಸಾಮಾನು ತರಲು ಬಜಾರಿಗೆ ಹೋದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಗಾಜಿಗೆ ನಾಲ್ಕು ಅಂಗಡಿ, ತಾಳಿಗೆ ಮೂರು ಅಂಗಡಿ ತಿರುಗಿ, ತಿನ್ನಲು ಮಂಡಾಳ ಒಗ್ಗರಣೆ ಮತ್ತು ಮಿರ್ಚಿ ಕಟ್ಟಿಸಿಕೊಂಡು ಮಧ್ಯಾಹ್ನ ಬಂದರೆ ಯವ್ವ ಬೆಂಚಿನ ಕೊನೆಯಲ್ಲಿ ನಿರಾಳವಾಗಿ ಕೂತಿದ್ದಾಳೆ.

"ಇನ್ನೂ ಕರದಿಲ್ಲೇನು?"

"ಕರೀತಾರ ತಗೋ ಯಪ್ಪಾ. ಪಾಪ, ಒಂದು ಹುಡುಗಿ ಕಣ್ಣಾಗ ಕೀವು ಸೋರಾಕತ್ತಿತ್ತಂತ. ಆಕಿಗೆ ನನ್ನ ಚೀಟಿ ಕೊಟ್ಟು ಆಕೀದು ನಾ ತಗೊಂಡೆ. ಆಮ್ಯಾಲ ಒಬ್ಬ ಮುದುಕಪ್ಪಗ ಬಸ್ಸಿನ ಅವಸರ ಇತ್ತು."

ನಾಲ್ಕು ಸಲ ಚೀಟಿ ಬದಲಾಗಿತ್ತು. ಕೈಯಲ್ಲಿದ್ದುದು ನಲವತ್ತಾರು. ನಾನು ಶಾಂತಮ್ಮನ ಕಡೆ ನೋಡಿದೆ. "ನಾ ಬ್ಯಾಡ ಅಂತ ಹೇಳಿದ್ನಿರಿ. ಡಾಕ್ಟ್ರು ಎಲ್ಲರನ್ನೂ ನೋಡೇ ಏಳ್ತಾರ, ನಡುವ ಎದ್ದು ಹೋಗಾಕ ಅವರೇನು ಮನುಷ್ಯಾರಲ್ಲೇನು ಅಂದ್ರು ಅತ್ತಿ" ಎಂದಳು. ಅಷ್ಟರಲ್ಲಿ ಕಂಪೌಂಡರ್ ನಲವತ್ತನ್ನು ಕೂಗಿ, ಉಳಿದವರು ಮುಂದಿನ ತಿಂಗಳು ಬರ್ರಿ ಎಂದು ಬಾಗಿಲು ಹಾಕಿದ. ನಾನು ಕಾಲು ಹಿಡಿಯುವುದೊಂದು ಬಾಕಿ. ಅವನೇ ಕನಿಕರಪಟ್ಟು, "ನಾಳಿ ಮಾನವಿಯೊಳಗ ಶಿಬಿರ ಅದ, ಇದೇ ಡಾಕ್ಟ್ರು. ಎಂಟರೊಳಗ ಹೆಸರು ಹಚ್ಚರಿ" ಎಂದ.

ಅವತ್ತು ಆಸ್ಪತ್ರೆಯ ಅಂಗಳದಲ್ಲೇ ನಾನು ಹೆತ್ತವಳ ಮೇಲೆ ಗಂಟಲು ಹರಿಯುವಂತೆ ಕೂಗಾಡಿದೆ. ಯವ್ವ ತಲೆ ತಗ್ಗಿಸಿ ಕೇಳಿಸಿಕೊಂಡಳು. ಕೊನೆಗೆ, "ಡಾಕ್ಟ್ರೂ ನಮ್ಮ ಈರಪ್ಪನಂಗ ತಿರುಗಿ ಬರ್ತಾರಂತ ತಿಳಿದಿದ್ದೆ" ಎಂದಳು.

ಬುಧವಾರ ಮೊದಲ ಬಸ್ಸಿಗೆ ಕಲ್ಮಲದ ಮೇಲೆ ಹಾಯ್ದು ಮಾನವಿ ಸೇರಿದೆವು. ಸೀಟು ಸಿಗದೆ ಯವ್ವನನ್ನು ಗೇರ್‌ಬಾಕ್ಸಿನ ಬಿಸಿಯ ಮೇಲೆ ಕೂರಿಸಿದ್ದಾಯಿತು. ರೈಸ್ ಮಿಲ್ಲಿನ ಸಾವುಕಾರರೊಬ್ಬರು ಊರ ಛತ್ರದಲ್ಲಿ ಶಿಬಿರ ಮಾಡಿಸಿದ್ದರು. ಮೂವತ್ತು ಮಂದಿಗೆ ಮಾತ್ರ ಆಪರೇಷನ್. ನಾವು ಹೋದಾಗ ಜಗಲಿ ತುಂಬಿತ್ತು. ಯವ್ವನ ಹೆಸರು ಮೂವತ್ತನೆಯದು. ಅದನ್ನು ಬರೆದು ಕಂಪೌಂಡರ್ ರಿಜಿಸ್ಟರು ಮಡಚಿದ. ಈ ಸಲ ಚೀಟಿ ನನ್ನ ಮುಷ್ಟಿಯಲ್ಲಿತ್ತು.

ಹಿಂದೆಯೇ ಒಬ್ಬ ಗಂಡಸು ಅಕ್ಕನ ಕೈಹಿಡಿದುಕೊಂಡು ಬಂದ. ವಯಸ್ಸು ನಲವತ್ತರೊಳಗೆ, ಕೂಲಿಯವನು. ದನಿ ಸ್ವಲ್ಪ ಒಡಕು.

"ನಾವು ಸಿರವಾರದ ಕಡಿಯವ್ರಿ ಸಾಹೇಬ್ರ. ನನ್ನ ಎರಡೂ ಕಣ್ಣು ಹೋಗ್ಯಾವ್ರಿ. ಬಸ್ಸು ಬರಲಿಲ್ಲ, ನಡಕೊಂತ ಬಂದೀವ್ರಿ."

"ಮುಗೀತಪ್ಪ. ಮುವ್ವತ್ತು ಮಂದಿಗೆ ಆಗೋವಷ್ಟೇ ಔಷಧ ತಂದಾರ."

ಯವ್ವನ ಕೈ ನನ್ನ ಹೆಗಲ ಮೇಲೆ ಬಂತು. ಅವಳು ಅರ್ಧ ಎದ್ದಿದ್ದಳು.

"ಯಪ್ಪಾ, ಡಾಕ್ಟ್ರು ನಾಳಿ ಇಲ್ಲೇ ಇರ್ತಾರೇನು?"

"ಇಲ್ಲ."

"ನಾಡದು?"

"ಇಲ್ಲ ಯವ್ವಾ. ನೀ ಈಗ ಎದ್ದು ಕೊಟ್ಟಿ ಅಂದ್ರ ನಿನಗಿಲ್ಲ. ಮಳಿಗಾಲ ಮುಗಿಯೋದ್ರಾಗ ನೀನೂ ಅವನಂಗೇ ಆಗ್ತಿ. ಇದು ನಮ್ಮ ಹೊಳಿ ದಂಡಿ ಅಲ್ಲ. ಇಲ್ಲಿ ಯಾರೂ ತಿರುಗಿ ಬರಂಗಿಲ್ಲ."

ಯವ್ವ ನನ್ನ ಹೆಗಲ ಮೇಲಿನ ಕೈ ತೆಗೆದಳು. ಆಮೇಲೆ ಕೂತಳು. ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಎಪ್ಪತ್ತು ವರ್ಷದ ಜೀವನದಲ್ಲಿ ಅವಳು ಎದ್ದವಳು ಮತ್ತೆ ಕೂತದ್ದು ಅದೇ ಮೊದಲಿರಬೇಕು. ಮೂರು ದಿನದಿಂದ ನಾನು ಬಯಸಿದ್ದು ಇದನ್ನೇ. ಆದರೆ ನನಗೆ ಸಂತೋಷವಾಗಲಿಲ್ಲ, ನಾಚಿಕೆಯಾಯಿತು. ಆ ಮನುಷ್ಯ ಜಗಲಿಯ ಅಂಚಿನಲ್ಲಿ ಕೂತು, ಯಾರಾದರೂ ಬಿಟ್ಟಾರೇನೋ ಎಂದು ಇನ್ನೊಂದಿಬ್ಬರನ್ನು ಕೇಳಿದ. ನಮ್ಮ ಕಡೆಗೂ ಮುಖ ತಿರುಗಿಸಿ ಕೇಳಿದ. ಯವ್ವನ ಹೆಸರು ಕೂಗಿದಾಗ ನಾನು ಅವಳನ್ನು ಅವನ ಪಕ್ಕದಿಂದಲೇ ಒಳಗೆ ಕರೆದುಕೊಂಡು ಹೋಗಬೇಕಾಯಿತು. ಹೊರಗೆ ಬಂದು ನೋಡಿದಾಗ ಅಕ್ಕ ತಮ್ಮ ಇಬ್ಬರೂ ಇರಲಿಲ್ಲ.

ಏಳು ದಿನ ಛತ್ರದ ನೆಲದ ಮೇಲೆ ಚಾಪೆ ಹಾಸಿ ಮಲಗಿದೆವು. ಸೆಕೆ, ಸೊಳ್ಳೆ, ಎರಡು ಹೊತ್ತು ಅನ್ನ ಸಾರು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ಹೊಳೆ ಬಂದಿದೆ ಎಂಬ ಸುದ್ದಿ ಐದನೆಯ ದಿನ ಸಿಕ್ಕಿತು. ಊರವರ ಗಾಜು, ತಾಳು, ದಾರ ಎಲ್ಲ ನನ್ನ ತಲೆದಿಂಬಾಗಿದ್ದವು. ಬಾಣಂತಿಯ ಔಷಧವನ್ನು ನಮ್ಮ ಕಡೆಗೆ ಹೊರಟಿದ್ದ ಒಬ್ಬನ ಕೈಲಿ ಕಳಿಸಿ, ತಲುಪಿತೋ ಇಲ್ಲವೋ ಎಂದು ಒದ್ದಾಡಿದೆ. ಯವ್ವ ಇದಾವುದಕ್ಕೂ ಗೊಣಗಲಿಲ್ಲ. ಪಟ್ಟಿ ಬಿಚ್ಚಿದ ದಿನ ಯವ್ವನಿಗೆ ದಪ್ಪ ಕನ್ನಡಕ ಹಾಕಿ ಕಂಪೌಂಡರ್ ಮೂರು ಬೆರಳು ತೋರಿಸಿದ. ಮೂರು ಎಂದಳು. ಶಾಂತಮ್ಮ ಅಳತೊಡಗಿದಳು. ಯವ್ವ ಅವಳ ಮುಖ ಸವರಿ, ನನ್ನನ್ನು ನೋಡಿ, "ಭಾಳ ಸೊರಗೀದಿ" ಎಂದಳು.

ಹೊಳೆ ಇಳಿಯುವ ತನಕ ಗಬ್ಬೂರಿನಲ್ಲಿ ಶಾಂತಮ್ಮನ ತವರಿನಲ್ಲಿ ಇರುವುದೆಂದು ನಿಶ್ಚಯಿಸಿ ಹೊರಟೆವು. ಮಾನವಿಯ ಬಸ್ಸು ನಮ್ಮನ್ನು ಕಲ್ಮಲದ ಕ್ರಾಸಿನಲ್ಲಿ ಇಳಿಸಿತು. ಗಬ್ಬೂರಿನ ಬಸ್ಸಿಗೆ ಕಾದು ಚಹಾದಂಗಡಿಯ ಮುಂದೆ ಕೂತೆವು. ಅಷ್ಟರಲ್ಲಿ ಸಿರವಾರದ ಕಡೆಯಿಂದ ಒಂದು ಬಸ್ಸು ಬಂದು ನಿಂತು ಜನ ಇಳಿಯತೊಡಗಿದರು. ಯವ್ವ ಕನ್ನಡಕ ತೆಗೆದು ಸೆರಗಿನಲ್ಲಿ ಸುತ್ತಿಕೊಂಡು ಕಣ್ಣು ಮುಚ್ಚಿದಳು.

"ಯಾಕ ಯವ್ವಾ, ನೋಯ್ತದೇನು?"

"ಇಲ್ಲ. ಛತ್ರಕ್ಕ ಬಂದಿದ್ದ ಆ ಸಿರವಾರದವನ ಮಾರಿ ನಾ ನೋಡಿಲ್ಲ ಯಪ್ಪಾ. ದನಿ ಒಂದೇ ಗೊತ್ತು. ಸುಮ್ನಿರು ಸ್ವಲ್ಪ."

ಗಬ್ಬೂರಿನ ಬಸ್ಸು ಬಂತು. ಶಾಂತಮ್ಮ ಗಂಟು ಎತ್ತಿಕೊಂಡು ನನ್ನ ಮುಖ ನೋಡಿದಳು. ಕೂಡು ಎಂದು ಸನ್ನೆ ಮಾಡಿದೆ. ಬಸ್ಸು ಹೋಯಿತು. ಇಳಿದವರು ಮಾತಾಡುತ್ತ ಒಬ್ಬೊಬ್ಬರೇ ಚದುರಿದರು. ಯವ್ವ ಕಣ್ಣು ಬಿಟ್ಟು, "ಇದರಾಗ ಇಲ್ಲ" ಎಂದಳು.

ನಾನು ಎದ್ದು ಹೋಗಿ, ಸಿರವಾರದ ಕಡೆಯಿಂದ ಇನ್ನೊಂದು ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಚಹಾದಂಗಡಿಯವನನ್ನು ಕೇಳಿದೆ.